ದಾರಿ ಕೂಡಿಸಿದ ನಂಟು

ಮನುಷ್ಯನಿಗೆ ಸ್ನೇಹಿತರು ದೊರೆಯುವ ಸ್ಥಳಗಳು ಅನೇಕ. ಶಾಲೆಯಲ್ಲಿ ದೊರೆಯುತ್ತಾರೆ, ಕಚೇರಿಯಲ್ಲಿ ದೊರೆಯುತ್ತಾರೆ, ರೈಲಿನಲ್ಲಿಯೂ ದೊರೆಯುವುದುಂಟು. ಹುಬ್ಬಳ್ಳಿಯಲ್ಲಿ ಪರಿಚಯವಾದವರು ಅರಸೀಕೆರೆ ಬರುವುದರೊಳಗೆ ಮಗಳ ಮದುವೆಯ ಸಾಲದವರೆಗೆ ಎಲ್ಲವನ್ನೂ ಹೇಳಿಕೊಂಡು, ಪರಸ್ಪರ ವಿಳಾಸ ಬರೆದುಕೊಂಡು, ಇಳಿದ ಮರುದಿನವೇ ಆ ಚೀಟಿಯನ್ನು ಕಳೆದುಕೊಳ್ಳುತ್ತಾರೆ. ಮೋಟಾರ್ ಸೈಕಲ್ಲಿನ ಮೇಲೆ ಆಗುವ ಸ್ನೇಹದ ರೀತಿಯೇ ಬೇರೆ. ಅಲ್ಲಿ ಮಾತಿಗೆ ಅವಕಾಶವಿಲ್ಲ. ಗಾಳಿ ಎಲ್ಲವನ್ನೂ ಕಸಿದುಕೊಂಡು ಹೋಗುತ್ತದೆ. ಸ್ನೇಹ ಬೆಳೆಯುವುದು ಗಾಡಿ ನಿಂತಾಗ, ಅದರಲ್ಲಿಯೂ ಅದು ಕೆಟ್ಟು ನಿಂತಾಗ.

ಕೆಟ್ಟು ನಿಲ್ಲುವ ವಿಷಯದಲ್ಲಿ ಕನ್ನಡ ನಾಡಿನ ಸ್ವಂತ ವಾಹನವೆಂದರೆ ಜಾವಾ. ಐಡಿಯಲ್ ಜಾವಾ ಕಂಪನಿಯು ಝೆಕೊಸ್ಲೊವಾಕಿಯಾದ ಈ ಮೋಟಾರ್ ಸೈಕಲ್ಲನ್ನು 1961ರಿಂದ ಮೈಸೂರಿನಲ್ಲಿ ತಯಾರಿಸತೊಡಗಿತು. ಮುಂದೆ ಅದೇ ಗಾಡಿ ಯೆಜ್ದಿ ಎಂಬ ಹೆಸರನ್ನು ತಳೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮಡಿಸಿದರೆ ಗೇರಿನ ಸನ್ನೆ. ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಹಾಕಬೇಕು. ಎಣ್ಣೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಕಡಿಮೆಯಾದರೆ ಎಂಜಿನ್ನೇ ಹಿಡಿಯುತ್ತದೆ. ಇದನ್ನು ತಿಳಿದವನು ದಾರಿಯಲ್ಲಿ ನಿಂತ ಇನ್ನೊಂದು ಜಾವಾವನ್ನು ಕಂಡು ಸುಮ್ಮನೆ ಮುಂದೆ ಹೋಗಲಾರ. ಇಂದಿಗೂ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಇದರ ಒಡೆಯರು ಕೂಡುತ್ತಾರೆ.

ಮೈಸೂರಿನ ಇತಿಹಾಸದ ಮೇಷ್ಟ್ರೊಬ್ಬರು 1970ರ ದಶಕದ ಕೊನೆಯಲ್ಲಿ, ಬೇಸಿಗೆಯ ರಜೆ ಮುಗಿಯುವ ಮುನ್ನ, ತಮ್ಮ ಯೆಜ್ದಿಯ ಮೇಲೆ ಉತ್ತರಕ್ಕೆ ಹೊರಟರು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಕಿತ್ತೂರಿನ ಕೋಟೆಯನ್ನು ನೋಡಿದರು. 1829ರಲ್ಲಿ ಸೆರೆಯಲ್ಲಿಯೇ ದೇಹವಿಟ್ಟ ಚೆನ್ನಮ್ಮನ ಸಮಾಧಿಗೆ ಬೈಲಹೊಂಗಲದಲ್ಲಿ ಕೈಮುಗಿದರು. ಅಲ್ಲಿಂದ ಸವದತ್ತಿಯ ಕಡೆಗೆ ಹೋಗುವಾಗ, ಹತ್ತಿರದ ದಾರಿಯೆಂದು ಯಾರೋ ತೋರಿಸಿದ ಹೊಲದ ಹಾದಿಯನ್ನು ಹಿಡಿದರು. ಮುಂಗಾರಿನ ಮೊದಲ ಮಳೆ ಅದೇ ಹೊತ್ತಿಗೆ ಬಂದಿತು.

ಆ ಸೀಮೆಯ ಎರಿ ಮಣ್ಣನ್ನು ಕಾಣದವರಿಗೆ ಅದರ ಸ್ವಭಾವವನ್ನು ಹೇಳಿ ತಿಳಿಸುವುದು ಕಷ್ಟ. ಹತ್ತಿ ಮತ್ತು ಜೋಳಕ್ಕೆ ಅದು ತಾಯಿ. ಚಕ್ರಕ್ಕೆ ಅದು ಅಂಟು. ಮೂರು ಮಾರು ಹೋಗುವುದರೊಳಗೆ ಗಾಲಿಗೂ ಮಡ್ಗಾರ್ಡಿಗೂ ನಡುವೆ ತುಂಬಿಕೊಂಡು, ಗಾಲಿ ತಿರುಗುವುದೇ ನಿಂತುಹೋಯಿತು. ಹಿಂದಿನಿಂದ ಇನ್ನೊಂದು ಜಾವಾ ಬರಬೇಕೇ! ಬೈಲಹೊಂಗಲದ ರೈತರೊಬ್ಬರು, ಊರವರು ಗೌಡರೆಂದು ಕರೆಯುವವರು, ತಮ್ಮ ಗಾಡಿಯನ್ನು ಕಲ್ಲುನೆಲದ ಮೇಲೆಯೇ ನಿಲ್ಲಿಸಿ, ಬೇಲಿಯ ಕೋಲೊಂದನ್ನು ಮುರಿದುಕೊಂಡು ಬಂದು ಮಣ್ಣನ್ನು ಕೆರೆಯತೊಡಗಿದರು.

“ಎರಿ ಮಣ್ಣಿಗೆ ನಿಮ್ಮ ಗಾಡಿ ಭಾಳ ಸೇರೇತ್ರಿ, ಹಂಗೆಲ್ಲಾ ಬಿಡಂಗಿಲ್ಲ,” ಎಂದರು ಗೌಡರು.

ಅಂದು ರಾತ್ರಿ ಮೇಷ್ಟ್ರು ಉಂಡದ್ದು ಗೌಡರ ಮನೆಯಲ್ಲಿ: ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಮರುದಿನ ಎರಡು ಗಾಡಿಗಳೂ ಕೂಡಿ ಸವದತ್ತಿಯ ಯಲ್ಲಮ್ಮನ ಗುಡ್ಡವನ್ನೇರಿದವು; ಅಲ್ಲಿಂದ ರಾಮದುರ್ಗಕ್ಕೆ ಹೋದವು. ಕಿತ್ತೂರಿನಿಂದ ರಾಮದುರ್ಗದವರೆಗೆ ನೂರು ಮೈಲಿಯೂ ಇಲ್ಲ. ಆದರೆ ಇಬ್ಬರೂ ಆ ದಾರಿಯನ್ನು ವರ್ಷಕ್ಕೊಮ್ಮೆ ಕ್ರಮಿಸುವ ನಿಯಮ ಮಾಡಿಕೊಂಡರು. ಒಮ್ಮೆ ಮೇಷ್ಟ್ರು ಬಂದರೆ, ಮರುವರ್ಷ ಗೌಡರು ದಸರೆಗೆ ಮೈಸೂರಿಗೆ ಗಾಡಿಯ ಮೇಲೆಯೇ ಹೋಗುತ್ತಿದ್ದರು.

ಮಳೆ ಕೈಕೊಟ್ಟ ಒಂದು ವರ್ಷ ಗೌಡರು ಬಾವಿಗೆ ಪಂಪು ಕೂಡಿಸಲು ಮೇಷ್ಟ್ರಲ್ಲಿ ಹಣ ಕೇಳಿದರು. ಮೇಷ್ಟ್ರು ಕೊಟ್ಟರು. ಬಾವಿಗೆ ನೀರು ಬರಲಿಲ್ಲ. ಗೌಡರ ಕಾಗದಗಳೂ ಬರಲಿಲ್ಲ. ದಸರೆ ಬಂದುಹೋಯಿತು, ಗೌಡರು ಬರಲಿಲ್ಲ. ಮೇಷ್ಟ್ರು ಬರೆದ ಮೂರು ಕಾಗದಗಳಿಗೆ ಉತ್ತರವಿಲ್ಲ. ಹಣಕ್ಕಾಗಿ ಕೆಟ್ಟ ಸ್ನೇಹಗಳನ್ನು ಎಣಿಸಹೊರಟರೆ ನಮ್ಮ ನಾಡಿನ ಮರಗಳೂ ಸಾಲವು. ಇದೂ ಅವುಗಳಲ್ಲೊಂದಾಗುವುದೆಂದು ಮೇಷ್ಟ್ರ ಮನೆಯವರು ನಿಶ್ಚಯಿಸಿಯೇ ಬಿಟ್ಟಿದ್ದರು.

ಮೇಷ್ಟ್ರು ಬೇಸಿಗೆಯಲ್ಲಿ ಹೊರಟು, ಎರಡನೆಯ ದಿನ ಸಂಜೆ ಗೌಡರ ಅಂಗಳದಲ್ಲಿ ಗಾಡಿ ನಿಲ್ಲಿಸಿದರು. ಗೌಡರು ಹೊರಗೆ ಬಂದರು, ತಲೆ ಎತ್ತಲಿಲ್ಲ.

“ಗೌಡರೇ, ಕ್ಲಚ್ಚಿನ ತಂತಿ ಹರಿಯುವ ಹಾಗಿದೆ. ನಾಳೆ ರಾಮದುರ್ಗದ ಮಿಸ್ತ್ರಿಯ ಹತ್ತಿರ ಹೋಗೋಣ,” ಎಂದರು ಮೇಷ್ಟ್ರು. ತಂತಿಗೆ ಏನೂ ಆಗಿರಲಿಲ್ಲ.

ಮರುದಿನ ಗೌಡರು ಹಿಂದೆ ಕುಳಿತರು. ಅವರ ಗಾಡಿ ಎಣ್ಣೆ ಕಾಣದೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಹಿಂದೆ ಕುಳಿತವನಿಗೆ ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಮುಖ ನೋಡಿ ಹೇಳಲಾಗದ ಮಾತುಗಳಿಗೆ ಇದಕ್ಕಿಂತ ಅನುಕೂಲವಾದ ಪೀಠವನ್ನು ಬಡಗಿಯೂ ಮಾಡಲಾರ. ಸವದತ್ತಿ ಇನ್ನೂ ದೂರವಿರುವಾಗಲೇ ಗೌಡರು ಮೇಷ್ಟ್ರ ಬೆನ್ನಿಗೆ ಎಲ್ಲವನ್ನೂ ಹೇಳಿದರು: ಬತ್ತಿದ ಬಾವಿ, ಮಾರಿದ ಎತ್ತುಗಳು, ಬರೆದು ಹರಿದ ಕಾಗದಗಳು. ಎಷ್ಟು ಕೇಳಿಸಿತೋ, ಎಷ್ಟನ್ನು ಗಾಳಿ ಒಯ್ದಿತೋ! ನವಿಲುತೀರ್ಥದ ಅಣೆಕಟ್ಟಿನ ಬಳಿ ಗಾಡಿ ನಿಲ್ಲಿಸಿ ಇಬ್ಬರೂ ಇಳಿದರು. ಮಲಪ್ರಭೆಯ ನೀರು ಬಹಳ ಕೆಳಗೆ ಸರಿದಿತ್ತು.

“ಮಾಸ್ತರ, ನಿಮ್ಮ ರೊಕ್ಕ ಮುಳುಗಿಸಂಗಿಲ್ರಿ,” ಎಂದರು ಗೌಡರು.

“ಅದು ಗೊತ್ತು. ದಸರೆಗೆ ಯಾಕೆ ಬರಲಿಲ್ಲ, ಅದನ್ನು ಹೇಳಿ,” ಎಂದರು ಮೇಷ್ಟ್ರು.

ಹಣ ಮುಂದೆ ಮೂರು ಹತ್ತಿಯ ಸುಗ್ಗಿಗಳಲ್ಲಿ ತೀರಿತು. ಬಡ್ಡಿಯ ಮಾತು ಏಳಲಿಲ್ಲ. ಪ್ರತಿ ವರ್ಷ ಒಂದು ಚೀಲ ಜೋಳ ಮಾತ್ರ ಮೈಸೂರಿಗೆ ಬರುತ್ತಿತ್ತು. ರಾಗಿಯ ಮನೆಯಲ್ಲಿ ಅದನ್ನು ಏನು ಮಾಡಬೇಕೆಂದು ಮೇಷ್ಟ್ರ ಹೆಂಡತಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಗೌಡರ ಹೆಂಡತಿಯೇ ಒಮ್ಮೆ ಬಂದು ರೊಟ್ಟಿ ಬಡಿಯುವುದನ್ನು ಕಲಿಸಿಕೊಟ್ಟರು.

ದೂರದ ಅರ್ಜೆಂಟೀನಾದಲ್ಲಿ 1952ರಲ್ಲಿ ಅರ್ನೆಸ್ಟೊ ಗೆವಾರಾ ಮತ್ತು ಅಲ್ಬರ್ಟೊ ಗ್ರನಾಡೊ ಎಂಬಿಬ್ಬರು ಹಳೆಯ ನಾರ್ಟನ್ ಗಾಡಿಯೊಂದರ ಮೇಲೆ ಖಂಡವನ್ನೇ ಸುತ್ತಲು ಹೊರಟಿದ್ದರು. ಗಾಡಿ ಚಿಲಿಯಲ್ಲಿ ಕೈಬಿಟ್ಟಿತು. ಮುಂದಿನ ದಾರಿಯನ್ನು ಅವರು ಲಾರಿ, ದೋಣಿಗಳಲ್ಲಿ ಮತ್ತು ಕಾಲ್ನಡಿಗೆಯಲ್ಲಿ ಸವೆಸಿದರು. ಗೆವಾರಾ ಕ್ಯೂಬಾದಲ್ಲಿ ಮಂತ್ರಿಯಾದ ಮೇಲೆ ಗ್ರನಾಡೊ 1961ರಲ್ಲಿ ಸಂಸಾರಸಮೇತ ಅಲ್ಲಿಗೇ ಹೋಗಿ ನೆಲೆಸಿದರು. ಗೆಳೆಯ 1967ರಲ್ಲಿ ಹತನಾದ ಮೇಲೂ ಆ ನೆಲವನ್ನು ಬಿಡದೆ 2011ರಲ್ಲಿ ಅಲ್ಲಿಯೇ ತೀರಿಕೊಂಡರು. ರಾಜಕಾರಣವನ್ನು ಬದಿಗಿಟ್ಟು ನೋಡಿದರೆ, ಕೆಟ್ಟ ಗಾಡಿಯನ್ನು ಕೂಡಿ ತಳ್ಳಿದವರ ನಂಟು ಅಲ್ಲಿಯೂ ಇಲ್ಲಿಯೂ ಒಂದೇ ಜಾತಿಯದು.

ಈಗ ಮೇಷ್ಟ್ರಿಗೂ ಗೌಡರಿಗೂ ಎಪ್ಪತ್ತು ದಾಟಿದೆ. ಮೇಷ್ಟ್ರ ಮೊಣಕಾಲು ಕಿಕ್ಕನ್ನು ಒಪ್ಪುವುದಿಲ್ಲ. ಅವರು ರೈಲಿನಲ್ಲಿ ಧಾರವಾಡಕ್ಕೆ ಬರುತ್ತಾರೆ. ಅವರ ಯೆಜ್ದಿಯನ್ನು ಮಾರಲು ಮಗ ಎರಡು ಸಲ ಗಿರಾಕಿಗಳನ್ನು ಕರೆತಂದಿದ್ದ. ಮೂರನೆಯ ಸಲ ಬರುವ ಮೊದಲೇ ಗಾಡಿಯು ಲಾರಿಯೇರಿ ಬೈಲಹೊಂಗಲವನ್ನು ಸೇರಿ, ಗೌಡರ ಕೊಟ್ಟಿಗೆಯಲ್ಲಿ ಅವರ ಜಾವಾದ ಪಕ್ಕದಲ್ಲಿ ನಿಂತಿತು. ಗೌಡರ ಮೊಮ್ಮಗ ಎರಡನ್ನೂ ವಾರಕ್ಕೊಮ್ಮೆ ಒದ್ದು ಚಾಲೂ ಮಾಡುತ್ತಾನೆ. ಮುಂದಿನ ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಇಬ್ಬರನ್ನೂ ಕರೆದೊಯ್ಯುತ್ತೇನೆಂದು ಒಪ್ಪಿಕೊಂಡಿದ್ದಾನೆ. ಆದರೆ ಅವನ ಹಿಂದೆ ಜಾಗವಿರುವುದು ಒಬ್ಬರಿಗೆ. ಮೊದಲು ಯಾರು ಹತ್ತಬೇಕೆಂಬ ವ್ಯಾಜ್ಯ ಫೋನಿನಲ್ಲಿ ಇನ್ನೂ ನಡೆದಿದೆ.