ಅರಸಿ ಎಂಬ ಪದ, ಆಳುವುದೆಂಬ ಕ್ರಿಯೆ

ಬಸವನ ಬಾಗೇವಾಡಿ ಸೀಮೆಯ ನರಸಲಗಿಯಲ್ಲಿ ದೊರೆತ 965ರ ಶಾಸನವು ಚಾಲುಕ್ಯ ತೈಲಪನನ್ನು ತರ್ದವಾಡಿ ಸಾಸಿರದ ಅಧಿಪತಿಯೆಂದು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಆ ನಾಡನ್ನು ಅವನಿಗೆ ‘ಅಣುಗಜೀವಿತ’ವಾಗಿ ಕೊಟ್ಟಿದ್ದನು. ಅಣುಗನೆಂದರೆ ಅಕ್ಕರೆಗೆ ಪಾತ್ರನಾದವನು. ಅಣುಗಜೀವಿತವು ಪ್ರೀತಿಯಿಂದ ಒದಗಿಸಿದ ಜೀವನಾಧಾರ. ಇಂದಿನ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಭಾಗದ ಅನೇಕ ಊರುಗಳು ಆ ಸಾಸಿರದೊಳಗಿದ್ದವು. ನಾಡಿಗೆ ಹೆಸರು ಕೊಟ್ಟ ತರ್ದವಾಡಿ ಇಂಡಿ ಸೀಮೆಯ ತದ್ದೇವಾಡಿಯೇ. ಎಂಟು ವರ್ಷಗಳ ಬಳಿಕ, 973ರಲ್ಲಿ, ತೈಲಪನು ರಾಷ್ಟ್ರಕೂಟರ ಸಿಂಹಾಸನವನ್ನೇ ವಶಪಡಿಸಿಕೊಂಡನು. ಅಕ್ಕರೆಯ ಕೊಡುಗೆ ಸಾಮ್ರಾಜ್ಯದ ಬೀಜವಾಯಿತು.

ತೈಲಪನ ವಂಶದ ಸ್ತ್ರೀಯರಿಗೂ ನಾಡುಗಳು, ಅಗ್ರಹಾರಗಳು ದೊರೆತವು. ಅವರನ್ನು ಕುರಿತ ಶಾಸನಗಳಲ್ಲಿ ಪಿರಿಯರಸಿ, ಪಟ್ಟಮಹಾದೇವಿ, ಅಗ್ರಮಹಿಷಿ ಮೊದಲಾದ ಬಿರುದುಗಳು ಧಾರಾಳವಾಗಿವೆ. ಇವನ್ನೆಲ್ಲ ‘ರಾಣಿ’ ಎಂಬ ಒಂದೇ ಪದದಲ್ಲಿ ಅಡಗಿಸುವ ರೂಢಿ ಶಾಸನಗಳ ಸಾರಾಂಶ ಬರೆಯುವವರಲ್ಲಿ ಬೇರೂರಿದೆ. ಅದರಿಂದಾಗುವ ಹಾನಿ ಸಣ್ಣದಲ್ಲ. ಬಿರುದು ಸಂಬಂಧವನ್ನು ಸೂಚಿಸುತ್ತದೆ. ಅಧಿಕಾರವನ್ನು ಸೂಚಿಸುವುದು ಅದರ ಮುಂದೆ ಬರುವ ನಾಡಿನ ಹೆಸರು ಮತ್ತು ‘ಆಳು’ ಎಂಬ ಕ್ರಿಯಾಪದ. ಓದುವವರ ಕಣ್ಣು ಬಿರುದಿನಲ್ಲೇ ನಿಂತರೆ ಕ್ರಿಯಾಪದ ಕೈತಪ್ಪುತ್ತದೆ.

ಒಂದನೆಯ ಸೋಮೇಶ್ವರನ ಇಬ್ಬರು ಅರಸಿಯರನ್ನು ನೋಡಬಹುದು. ಮೈಲಲದೇವಿ 1053ರಲ್ಲಿ ಬನವಾಸಿ ಪನ್ನಿರ್ಛಾಸಿರವನ್ನು ಆಳುತ್ತಿದ್ದಳು. ಮರುವರ್ಷದ ಶಾಸನದಲ್ಲಿ ಕೇತಲದೇವಿಯ ಅಧಿಕಾರದಲ್ಲಿ ಕಾಣುವುದು ಪೊನ್ನವಾಡವೆಂಬ ಅಗ್ರಹಾರ, ಎಂದರೆ ವಿಜಯಪುರ ಜಿಲ್ಲೆಯ ಇಂದಿನ ಹೊನವಾಡ. ಇಬ್ಬರೂ ಅರಸಿಯರೇ, ಒಬ್ಬಳ ಕೈಯಲ್ಲಿ ಹನ್ನೆರಡು ಸಾವಿರದ ನಾಡು, ಇನ್ನೊಬ್ಬಳ ಕೈಯಲ್ಲಿ ಒಂದು ಅಗ್ರಹಾರ. ಹಾಗೆಂದು ಕೇತಲದೇವಿಯನ್ನು ಕಡೆಗಣಿಸುವಂತಿಲ್ಲ. ಅವಳ ಅಧಿಕಾರಿಯಾಗಿದ್ದ ಚಾಂಕಿರಾಜನು ಪೊನ್ನವಾಡದಲ್ಲಿ ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿದನು. ಅದಕ್ಕೆ ಸಂದ ಭೂಮಿಯನ್ನು ದೊರೆ ಕೊಟ್ಟದ್ದು ಕೇತಲದೇವಿಯ ಬಿನ್ನಹದ ಮೇರೆಗೆ. ಆಳುವವಳು ಅವಳು, ಕಟ್ಟಿಸಿದವನು ಅವಳ ಅಧಿಕಾರಿ, ಭೂಮಿಗೆ ಮಾತ್ರ ದೊರೆಯ ಅನುಮತಿ. ಅರಸಿಯ ಅಧಿಕಾರ ಎಲ್ಲಿಯವರೆಗೆ ನಡೆಯುತ್ತಿತ್ತು, ಎಲ್ಲಿ ಬಿನ್ನಹವಾಗಿ ಮಾರ್ಪಡುತ್ತಿತ್ತು ಎಂಬುದನ್ನು ಈ ಒಂದು ದಾನದ ಕ್ರಮವೇ ತೋರಿಸುತ್ತದೆ.

ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಈ ಹಂಚಿಕೆ ಇನ್ನೂ ವಿಸ್ತಾರಗೊಂಡಿತು. ಪಿರಿಯರಸಿ ಲಕ್ಷ್ಮಾದೇವಿ 1095ರಲ್ಲಿ ಹದಿನೆಂಟು ಅಗ್ರಹಾರಗಳನ್ನೂ ಧರ್ಮಪುರವನ್ನೂ, ಎಂದರೆ ಡಂಬಳವನ್ನೂ, ನೋಡಿಕೊಳ್ಳುತ್ತಿದ್ದಳು. ಸಾವಲದೇವಿಗೆ ನರೆಯಂಗಲ್ಲು, ಜಕ್ಕಲದೇವಿಗೆ ಇಂಗುಣಿಗೆ.

ಆದರೆ ಈ ಸಾಲಿನಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನಿಲ್ಲುವವಳು ಯಾವ ಚಾಲುಕ್ಯ ದೊರೆಗೂ ಅರಸಿಯಾಗಿರಲಿಲ್ಲ. ಅಕ್ಕಾದೇವಿಯು ಐದನೆಯ ವಿಕ್ರಮಾದಿತ್ಯ ಮತ್ತು ಎರಡನೆಯ ಜಯಸಿಂಹರ ಸೋದರಿ, ಒಂದನೆಯ ಸೋಮೇಶ್ವರನಿಗೆ ಸೋದರತ್ತೆ. ಅವಳ ಹೆಸರೇ ಒಂದು ಸಂಬಂಧವಾಚಕ. ವಿಜಯಪುರ ಸೀಮೆಯಲ್ಲಿ ಇಂದಿಗೂ ಹಿರಿಯ ಹೆಣ್ಣುಮಗಳನ್ನು ‘ಅಕ್ಕಾರ’ ಎಂದು ಕರೆದಾಗ ಅದರಲ್ಲಿ ಒಡಹುಟ್ಟಿಗಿಂತ ಗೌರವವೇ ಹೆಚ್ಚು. ಕಿಸುಕಾಡು ಎಪ್ಪತ್ತನ್ನು ಅವಳು ದಶಕಗಳ ಕಾಲ ಆಳಿದಳು. ಚೋಳರ ದಾಳಿಯಿಂದ ಕೆಟ್ಟಿದ್ದ ಸೂಡಿಯ ಊರಾಡಳಿತವನ್ನು ಸರಿಪಡಿಸಿ, ಅಲ್ಲಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಕಟ್ಟಳೆಯನ್ನು ಹೊಸದಾಗಿ ಮಾಡಿಕೊಟ್ಟಳು. 1047ರಲ್ಲಿ ಗೋಕಾಗೆಯ, ಎಂದರೆ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು. ಶಾಸನಗಳು ಅವಳನ್ನು ‘ಗುಣದ ಬೆಡಂಗಿ’ ಎಂದೂ ಕೊಟ್ಟ ಮಾತಿಗೆ ತಪ್ಪದ ‘ಏಕವಾಕ್ಯೆ’ ಎಂದೂ ಬಣ್ಣಿಸುತ್ತವೆ. ರಣದಲ್ಲಿ ಅವಳನ್ನು ಭೈರವಿಗೆ ಹೋಲಿಸುತ್ತವೆ. ಪಟ್ಟಕ್ಕಾಗಲಿ ಪತಿಗಾಗಲಿ ಸಂಬಂಧಪಡದ ಬಿರುದುಗಳಿವು. ಅವಳು ಗಳಿಸಿದವು.

ಇಂಗ್ಲೆಂಡಿನಲ್ಲಿ ಇಂಥ ಇನ್ನೊಬ್ಬ ಸೋದರಿ ಒಂದು ಶತಮಾನಕ್ಕೂ ಮುಂಚೆ ಆಗಿಹೋಗಿದ್ದಳು. ಆಲ್‌ಫ್ರೆಡ್ ದೊರೆಯ ಮಗಳು ಎಥೆಲ್‌ಫ್ಲೆಡ್ ಮರ್ಸಿಯ ನಾಡನ್ನು ಆಳಿದಳು. 917ರಲ್ಲಿ ಡರ್ಬಿಯನ್ನು ಡೇನರಿಂದ ಗೆದ್ದಳು. ಅವಳ ತವರಾದ ವೆಸೆಕ್ಸ್‌ನಲ್ಲಿ ದೊರೆಯ ಹೆಂಡತಿ ದೊರೆಯ ಪಕ್ಕದಲ್ಲಿ ಕುಳಿತುಕೊಳ್ಳುವಂತಿರಲಿಲ್ಲ, ರಾಣಿಯೆನಿಸಿಕೊಳ್ಳುವಂತೆಯೂ ಇರಲಿಲ್ಲವೆಂದು ಆಲ್‌ಫ್ರೆಡನ ಚರಿತ್ರೆ ಬರೆದ ಆಸರ್ ದಾಖಲಿಸಿದ್ದಾನೆ. ಎಥೆಲ್‌ಫ್ಲೆಡಳನ್ನು ಅಲ್ಲಿನ ವೃತ್ತಾಂತವು ‘ಮರ್ಸಿಯದವರ ಒಡತಿ’ ಎಂದಷ್ಟೇ ಕರೆಯಿತು. ಸಮುದ್ರದಾಚೆಯ ಐರಿಷ್ ವೃತ್ತಾಂತಕಾರರಿಗೆ ಅವಳನ್ನು ರಾಣಿಯೆನ್ನಲು ಸಂಕೋಚವಿರಲಿಲ್ಲ. 918ರಲ್ಲಿ ಅವಳು ಸತ್ತಳು. ಅಧಿಕಾರ ಮಗಳು ಎಲ್ಫ್‌ವಿನ್‌ಳಿಗೆ ಬಂದಿತು. ಕೆಲವೇ ತಿಂಗಳಲ್ಲಿ ಸೋದರಮಾವ ಎಡ್ವರ್ಡನು ಅವಳನ್ನು ಕೆಳಗಿಳಿಸಿ ವೆಸೆಕ್ಸ್‌ಗೆ ಒಯ್ದನು. ಮುಂದೆ 1141ರಲ್ಲಿ ಮಟಿಲ್ಡಾ, ಹಿಂದಿನ ದೊರೆಯ ಮಗಳೂ ಚಕ್ರವರ್ತಿಯ ವಿಧವೆಯೂ ಆಗಿದ್ದವಳು, ‘ಆಂಗ್ಲರ ಒಡತಿ’ ಎಂಬ ಬಿರುದು ಧರಿಸಿ ಲಂಡನ್ನಿಗೆ ಬಂದಳು. ಕಿರೀಟಧಾರಣೆಗೆ ಮುಂಚೆಯೇ ನಗರದವರು ಅವಳನ್ನು ಹೊರದೂಡಿದರು.

ಪದಗಳ ಮೂಲವೂ ಇಲ್ಲಿ ಗಮನಾರ್ಹ. ಇಂಗ್ಲಿಷಿನ ‘ಕ್ವೀನ್’ ಮೂಲದಲ್ಲಿ ಹೆಣ್ಣು, ಹೆಂಡತಿ ಎಂಬರ್ಥದ ಪದ. ‘ಲೇಡಿ’ಯ ಹಳೆಯ ರೂಪದಲ್ಲಿ ರೊಟ್ಟಿಯ ಹಿಟ್ಟು ನಾದುವವಳೆಂಬ ಅರ್ಥ ಅಡಗಿದೆಯೆನ್ನುತ್ತಾರೆ. ಕನ್ನಡದ ‘ಅರಸಿ’ ಹಾಗಲ್ಲ. ಅದು ‘ಅರಸ’ನ ನೇರ ಸ್ತ್ರೀಲಿಂಗ. ಆಳುವವಳೆಂಬ ಅರ್ಥ ಪದದೊಳಗೇ ಇದೆ. ಬಳಕೆಯಲ್ಲಿ ಅದು ಬಹುಮಟ್ಟಿಗೆ ಅರಸನ ಮಡದಿಯನ್ನು ಸೂಚಿಸುವುದಕ್ಕೆ ಇಳಿಯಿತೆಂಬುದು ಬೇರೆ ಮಾತು. ಮೈಲಲದೇವಿಯಂಥವರ ಶಾಸನಗಳಲ್ಲಿ ಹಳೆಯ ಅರ್ಥ ಮತ್ತೆ ತಲೆಯೆತ್ತುತ್ತದೆ.

ಹಾಗೆಂದು ಕನ್ನಡನಾಡು ಉದಾರ, ಇಂಗ್ಲೆಂಡು ಕೃಪಣ ಎಂದು ತೀರ್ಮಾನಿಸಿದರೆ ಅದು ಅವಸರದ ಮಾತಾದೀತು. ಪ್ರೀತಿಯ ಕೊಡುಗೆಯಾಗಿ ಪಡೆದ ತರ್ದವಾಡಿಯಿಂದ ತೈಲಪನು ಸಿಂಹಾಸನಕ್ಕೆ ನಡೆದನು. ಅದೇ ಕ್ರಿಯಾಪದದಿಂದ ವರ್ಣಿತಳಾದ ಅಕ್ಕಾದೇವಿ, ದಂಡು ನಡೆಸಿ ಕೋಟೆಗೆ ಮುತ್ತಿಗೆ ಹಾಕಿದವಳು, ಅಣ್ಣತಮ್ಮಂದಿರೂ ಅಳಿಯನೂ ಒಬ್ಬರಾದ ಮೇಲೊಬ್ಬರು ಪಟ್ಟವೇರಿದುದನ್ನು ಕಂಡಳು. ಆ ಸರದಿಯಲ್ಲಿ ಅವಳ ಹೆಸರು ಸೇರುವ ಪ್ರಸಂಗವೇ ಇರಲಿಲ್ಲ. ಅಣುಗನಿಗೆ ತೆರೆದಿದ್ದ ದಾರಿ ಅಕ್ಕನಿಗಿರಲಿಲ್ಲ.

ಮುದ್ದೇಬಿಹಾಳದ ಕಡೆಯಿಂದ ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಹುನಗುಂದ ಸೀಮೆಯಲ್ಲಿ ಅರಸೀಬೀದಿ ಸಿಗುತ್ತದೆ. ಶಾಸನಗಳಲ್ಲಿ ಇದರ ಹೆಸರು ವಿಕ್ರಮಪುರ. ಗೋಕಾಗೆಯ ಮುತ್ತಿಗೆ ನಡೆದಿದ್ದ 1047ರಲ್ಲಿ ಅಕ್ಕಾದೇವಿಯು ಇಲ್ಲಿನ ಜಿನಾಲಯಕ್ಕಾಗಿ ನಾಗಸೇನ ಪಂಡಿತರಿಗೆ ದಾನ ಬಿಟ್ಟಳು. ಆ ಬಸದಿಗೆ ಅವಳ ಬಿರುದನ್ನೇ ಇಟ್ಟಿದ್ದರು: ಗೊಣದಬೆಡಂಗಿ ಜಿನಾಲಯ. ದೊರೆಯ ಹೆಸರು ಹೊತ್ತ ವಿಕ್ರಮಪುರ ಇಂದು ಶಾಸನಗಳಲ್ಲಷ್ಟೇ ಉಳಿದಿದೆ. ಜನರ ಬಾಯಲ್ಲಿ ಊರು ಅರಸೀಬೀದಿ.