ಅಪ್ಪನ ಬಾಯಿ ಮರೆತಿದ್ದೆವು

ಬಾಯಿ ಮುಕ್ಕಳಿಸದೆ ಕಾಫಿ ಲೋಟ ಹಿಡಿದರೆ ನಮ್ಮಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಹಲ್ಲುಜ್ಜಿದ್ಯೇನೋ?" ಅನ್ನೋದೇ ನಮ್ಮನೆ ಸುಪ್ರಭಾತ. ಅಂಥವರಿಗೆ ಹೋದ ವರ್ಷ ಸ್ಟ್ರೋಕ್ ಆಗಿ ಎಡಭಾಗ ಸ್ವಾಧೀನ ತಪ್ಪಿತು. ನಾನು ಲ್ಯಾಪ್‌ಟಾಪ್ ಸಮೇತ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಓಡಿದೆ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಮೂಗಲ್ಲಿ ಟ್ಯೂಬ್. ಗಂಜಿ, ಹಾಲು, ಪುಡಿ ಮಾಡಿದ ಮಾತ್ರೆ ಎಲ್ಲಾ ಅದರಲ್ಲೇ. ಅಮ್ಮ ದಿನಾ ಮೈ ಒರೆಸಿ, ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಳು. ನಾನು ಬಿಪಿ, ಶುಗರ್ ಲೆಕ್ಕವನ್ನು ಎಕ್ಸೆಲ್ ಶೀಟಲ್ಲಿ ಬರೆದಿಡುತ್ತಿದ್ದೆ (ಅಭ್ಯಾಸಬಲ!). ಬಾಯಿ ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ. ಬಾಯಲ್ಲಿ ಏನೂ ತಿನ್ನೋದೇ ಇಲ್ಲವಲ್ಲ, ತೊಳೆಯೋದೇನು?

ಒಂಬತ್ತನೇ ದಿನ ಜ್ವರ, ಏದುಸಿರು. ಕೆಮ್ಮು ಇರಲಿಲ್ಲ, ಹಾಗಾಗಿ ಶ್ವಾಸಕೋಶದ ತೊಂದರೆ ಅಂತ ಹೊಳೆಯಲೇ ಇಲ್ಲ. ಎಕ್ಸ್‌ರೇ ತೆಗೆಸಿದರೆ ನ್ಯುಮೋನಿಯಾ. ವಾರ್ಡಿನ ಸಿಸ್ಟರ್ ಟಾರ್ಚ್ ಬಿಟ್ಟು ಅಪ್ಪನ ಬಾಯಿ ತೆರೆಸಿ, "ಇಲ್ನೋಡಿ" ಅಂದರು. ನಾಲಿಗೆ ಮೇಲೆ ದಪ್ಪ ಬಿಳಿ ಪದರ, ಅಂಗುಳಲ್ಲಿ ಒಣಗಿದ ಅಂಟು. ಆ ವಾಸನೆ ಇನ್ನೂ ಮರೆತಿಲ್ಲ.

ಅವರೇ ಬಿಡಿಸಿ ಹೇಳಿದರು. ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ನುಂಗೋದು ಕಷ್ಟವಾಗುತ್ತೆ. ಊಟ ಟ್ಯೂಬಲ್ಲಿ ಹೋದರೂ ಜೊಲ್ಲು ಬಾಯಲ್ಲೇ ಊರುತ್ತೆ. ಅದು ಬಾಯಿಯ ಬ್ಯಾಕ್ಟೀರಿಯಾ ಸಮೇತ ಶ್ವಾಸನಾಳಕ್ಕೆ ಜಾರುತ್ತೆ. ಗಂಟಲು ಮರಗಟ್ಟಿದ್ದರೆ ಕೆಮ್ಮೂ ಬರಲ್ಲ. ಅಗಿಯೋದು, ಕುಡಿಯೋದು ನಿಂತ ಬಾಯಿ ಇನ್ನೂ ಬೇಗ ಕೊಳೆಯಾಗುತ್ತೆ. ಅಂದರೆ ಟ್ಯೂಬ್ ಇದ್ದವರಿಗೇ ಹೆಚ್ಚು ಉಜ್ಜಬೇಕಿತ್ತು! ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಎಂಟು ಮಾತ್ರೆ ಇದ್ದವು, ಬ್ರಷ್ ಇರಲಿಲ್ಲ.

ರಾತ್ರಿ ವಾರ್ಡಿನ ಹೊರಗೆ ಕೂತು ಫೋನಲ್ಲಿ ಹುಡುಕಿದೆ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸಿಕ್ಕಿತು. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದದ್ದು. ಪ್ರತಿ ಊಟದ ನಂತರ ಹಲ್ಲುಜ್ಜಿಸಿದವರಲ್ಲಿ ಶೇ. 11 ಮಂದಿಗೆ ನ್ಯುಮೋನಿಯಾ. ಆ ಆರೈಕೆ ಸಿಗದವರಲ್ಲಿ ಶೇ. 19. ಎರಡನೇ ಸಾಲು ಓದಿ ಫೋನ್ ಆಫ್ ಮಾಡಿದೆ.

ಅಪ್ಪ ಉಳಿದರು. ಈಗ ಮಕ್ಕಳ ಮೆತ್ತನೆ ಬ್ರಷ್, ಕಡಲೆಕಾಳಿಗಿಂತ ಕಡಿಮೆ ಪೇಸ್ಟ್. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ತಗ್ಗಿಸಿ ಉಜ್ಜಬೇಕು. ನೀರು ಕೊಟ್ಟು ಮುಕ್ಕಳಿಸಿ ಅನ್ನೋ ಹಾಗಿಲ್ಲ, ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಒರೆಸೋದು. ಮೊದಲ ದಿನ ನನ್ನ ಬೆರಳು ಕಚ್ಚಿಬಿಟ್ಟರು. ನೋವಿಗಿಂತ, ಮಗನ ಕೈಲಿ ಹಲ್ಲುಜ್ಜಿಸಿಕೊಳ್ಳುವಾಗ ಅವರ ಕಣ್ಣಲ್ಲಿ ಬಂದ ನೀರು ನೋಡೋದು ಕಷ್ಟವಾಯ್ತು.

ಟ್ಯೂಬ್ ತೆಗೆದಾಗಿದೆ. ಎಡಗೆನ್ನೆಯಲ್ಲಿ ಊಟ ಉಳಿದರೆ ಅವರಿಗೆ ಗೊತ್ತಾಗಲ್ಲ, ಹಾಗಾಗಿ ಪ್ರತಿ ಸಲ ಟಾರ್ಚ್ ಬಿಟ್ಟು ನೋಡ್ತೀವಿ. ಮೊನ್ನೆ ಇಡ್ಲಿ ಚೂರು ಸಿಕ್ಕಿತು, ತೋರಿಸಿದೆ, ಅರ್ಧ ಬಾಯಲ್ಲೇ ನಕ್ಕರು. ತೆಳು ಕಾಫಿ ಗಂಟಲಲ್ಲಿ ಜಾರುತ್ತೆ ಅಂತ ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲಿ ಕೊಡ್ತೀವಿ. ಇದೂ ಒಂದು ಕಾಫಿನಾ ಅನ್ನೋ ಮುಖ ಮಾಡಿ ಕುಡೀತಾರೆ, ಹಲ್ಲುಜ್ಜಿದ ಮೇಲೆ.