ಮುಂದಿನ ವಾಕ್ಯವನ್ನೂ ಓದೋಣ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದವರು ತಮ್ಮೊಡನೆ ಏನು ತಂದರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದನ್ನು ಹೇಳುವರು. ಮಂಗಳೂರಿನ ಬಾಸೆಲ್ ಮಿಶನ್ ಸಭೆಯಿಂದ ಬಂದ ನಮ್ಮ ತಂದೆಯವರ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆಯ ಕೆಳಗೆ ಒಂದು ಕನ್ನಡ ಸತ್ಯವೇದವಿತ್ತು. ಅವರಿದ್ದಷ್ಟು ಕಾಲ ರಾತ್ರಿಯ ಊಟಕ್ಕೆ ಮೊದಲು ಒಂದು ಅಧ್ಯಾಯದ ಓದು ತಪ್ಪುತ್ತಿರಲಿಲ್ಲ. ಅವರ ತರುವಾಯ ಮನೆಯ ಭಾರ ನಮ್ಮ ಮೇಲೆ ಬಿತ್ತು. ಮುಲುಂಡದಿಂದ ಬೆಳಗಿನ ಲೋಕಲು ಹಿಡಿದು ರಾತ್ರಿ ಒಂಬತ್ತಕ್ಕೆ ಮರಳುವ ನಮಗೆ ಓದಲು ಹೊತ್ತೆಲ್ಲಿ? ಪುಸ್ತಕವು ಕಪಾಟಿನ ಮೇಲೇರಿತು. ಭಾನುವಾರ ದೇವಾಲಯದಲ್ಲಿ ಕೇಳಿದ್ದೇ ಸಾಕೆಂದು ಸಮಾಧಾನಪಟ್ಟುಕೊಂಡೆವು.

ಕೆಲವು ವರ್ಷಗಳ ಹಿಂದೆ ನೆರೆಮನೆಯ ಪ್ರಾರ್ಥನಾಕೂಟಕ್ಕೆ ಒಬ್ಬ ಬೋಧಕರು ಬಂದರು. ಮಾತು ಜೇನಿನಂತೆ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವನ್ನು ತೆರೆದು, ನಂಬಿಕೆಯ ಪ್ರಾರ್ಥನೆಯಿಂದ ರೋಗಿಗೆ ಗುಣವಾಗುವುದೆಂದ ಮೇಲೆ ಔಷಧ ತೆಗೆದುಕೊಳ್ಳುವುದು ಅಪನಂಬಿಕೆಯ ಗುರುತಲ್ಲವೇ ಎಂದು ಕೇಳಿದರು. ನಮ್ಮ ತಾಯಿಯವರಿಗೆ ಆಗ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆ ಹಳೆಯದು. ಅವರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಆ ಬೋಧನೆ ಸರಿಯಲ್ಲವೆಂದು ನಮಗೆ ತೋರದೆ ಇರಲಿಲ್ಲ. ಆದರೆ ಉತ್ತರವೇನು ಕೊಡುವುದು? ವಾಕ್ಯವಂತೂ ಪುಸ್ತಕದಲ್ಲಿತ್ತು. ದೇವರ ಸೇವಕರಿಗೆ ಎದುರಾಡಬಾರದೆಂಬ ಸಂಕೋಚ ಬೇರೆ. ಸುಮ್ಮನಿದ್ದುಬಿಟ್ಟೆವು.

ತಾಯಿಯವರು ಯಾರಿಗೂ ಹೇಳದೆ ಮೂರು ದಿನ ಇನ್ಸುಲಿನ್ ಚುಚ್ಚಿಕೊಳ್ಳಲಿಲ್ಲ. ನಾಲ್ಕನೆಯ ದಿನ ವಾಂತಿ, ಮಂಪರು, ಕರೆದರೆ ಓಗೊಡಲಿಲ್ಲ. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಓಡಿದೆವು. ದೇವರ ದಯೆ, ಬದುಕಿ ಬಂದರು. ಮನೆಗೆ ಬಂದ ಮೇಲೂ ಸೂಜಿಯನ್ನು ಕಂಡರೆ ಮುಖ ತಿರುಗಿಸುವರು. “ನನ್ನ ನಂಬಿಕೆ ಸಾಲಲಿಲ್ಲ” ಎಂಬುದೊಂದೇ ಕೊರಗು. ಆ ಕೊರಗಿಗೆ ವೈದ್ಯರ ಬಳಿ ಮದ್ದಿರಲಿಲ್ಲ.

ಸುದ್ದಿ ತಿಳಿದು ಉಡುಪಿಯಿಂದ ದೊಡ್ಡಮ್ಮ ಬಂದರು. ಓದಿದ್ದು ಏಳನೆಯ ಕ್ಲಾಸು. ಕಪಾಟಿನ ಮೇಲಿನ ಪುಸ್ತಕವನ್ನು ಇಳಿಸಿ, ಸೆರಗಿನಿಂದ ಧೂಳು ಒರಸಿ, “ಅವರು ಹೇಳಿದ್ದು ಎಲ್ಲಿ ಬರೆದಿದೆ ತಂಗಿ? ತೋರಿಸು, ನೋಡುವಾ” ಎಂದರು. ಯಾಕೋಬನ ಪತ್ರಿಕೆಯಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದಿದೆ. ಮದ್ದು ಬಿಡಬೇಕೆಂಬ ಮಾತು ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಬಳಿಕ ಅರಸುಗಳ ಎರಡನೆಯ ಪುಸ್ತಕದ 20ನೆಯ ಅಧ್ಯಾಯ. ಹಿಜ್ಕೀಯ ಅರಸನನ್ನು ಗುಣಪಡಿಸುವೆನೆಂದು ದೇವರೇ ಮಾತು ಕೊಟ್ಟಿದ್ದರೂ ಪ್ರವಾದಿಯಾದ ಯೆಶಾಯನು ಅಂಜೂರದ ಉಂಡೆಯನ್ನು ತರಿಸಿ ಹುಣ್ಣಿಗೆ ಕಟ್ಟಿಸಿದನು. ಪೌಲನು ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿಯಲು ಹೇಳಿದನು. ಪೌಲನ ಪ್ರಿಯ ಸಂಗಡಿಗನಾದ ಲೂಕನ ಉದ್ಯೋಗವೇ ವೈದ್ಯ. “ಇವರಿಗೆಲ್ಲ ನಂಬಿಕೆ ಇರಲಿಲ್ಲವೋ?” ಎಂದು ದೊಡ್ಡಮ್ಮ ಕೇಳಿದರು. ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವಾಗಿ ತೋಳು ಚಾಚಿದರು.

ಅಂದು ನಮಗೆ ಒಂದು ಮಾತು ಮನಸ್ಸಿಗೆ ನಾಟಿತು. ಸುಳ್ಳು ಬೋಧನೆ ವಾಕ್ಯವಿಲ್ಲದೆ ಬರುವುದಿಲ್ಲ. ಅರ್ಧ ವಾಕ್ಯವನ್ನು ಹಿಡಿದುಕೊಂಡೇ ಬರುತ್ತದೆ. ಸೈತಾನನೂ ಕ್ರಿಸ್ತನ ಮುಂದೆ 91ನೆಯ ಕೀರ್ತನೆಯ ಮಾತನ್ನೇ ಆಡಿದನು. ನೀನು ನಡೆಯುವ ಮಾರ್ಗಗಳಲ್ಲೆಲ್ಲ ಕಾಯುವರೆಂಬ ಭಾಗವನ್ನು ಮಾತ್ರ ಮೆಲ್ಲನೆ ಬಿಟ್ಟನು. ಕ್ರಿಸ್ತನು ಧರ್ಮೋಪದೇಶಕಾಂಡದಿಂದ ಉತ್ತರ ಕೊಟ್ಟನು. ಹಾಗಾದರೆ ಬೋಧಕರನ್ನು ಪರೀಕ್ಷಿಸುವುದು ತಪ್ಪೇ? ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯವನ್ನು ನೋಡಿರಿ. ಸಾಕ್ಷಾತ್ ಪೌಲನ ಬೋಧನೆಯನ್ನೇ ಬೆರೋಯದವರು ದಿನವೂ ಶಾಸ್ತ್ರದೊಡನೆ ಹೋಲಿಸಿ ನೋಡಿದರು. ಅದಕ್ಕಾಗಿ ಅವರಿಗೆ ಅಲ್ಲಿ ಮೆಚ್ಚುಗೆಯೇ ಸಿಕ್ಕಿದೆ.

ಈ ಪುಸ್ತಕ ಕನ್ನಡದಲ್ಲಿ ಸುಲಭವಾಗಿ ಬಂದದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅವರು ಹಲವು ವರ್ಷ ದುಡಿದ ಮೇಲೆ, 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ತೆರೆದರು, ಶಾಲೆಗಳನ್ನೂ ನಡೆಸಿದರು. ಮಗ್ಗದ ಮುಂದೆ ಕುಳಿತವನೂ ಹೆಂಚಿನ ಕಾರ್ಖಾನೆಯಲ್ಲಿ ಬೆವರು ಸುರಿಸಿದವನೂ ತಾನೇ ಓದಿ ತಿಳಿಯುವಂತಾಯಿತು. ಅಂತಹ ಹಿರಿಯರ ಮಕ್ಕಳಾದ ನಾವು ಓದುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಕೈಕಟ್ಟಿ ಕುಳಿತೆವಲ್ಲ!

ಈಗ ನಮ್ಮ ಮನೆಯಲ್ಲಿ ರಾತ್ರಿಯ ಓದು ಮತ್ತೆ ನಡೆದಿದೆ. ಸತ್ಯವೇದದಲ್ಲಿ ಒಟ್ಟು 1189 ಅಧ್ಯಾಯಗಳು; ದಿನಕ್ಕೊಂದರಂತೆ ಮೂರು ವರ್ಷ ಮೂರು ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಹತ್ತು ನಿಮಿಷದ ಕೆಲಸ. ಮರಾಠಿ, ಇಂಗ್ಲಿಷು ಮಾತ್ರ ಬಲ್ಲ ಮಗನು ಮೊದಲು ಬರಿದೇ ಕೇಳುತ್ತಿದ್ದನು. ಆಮೇಲೆ ಅಜ್ಜಿಯ ಬೆರಳಿನ ಹಿಂದೆ ಅಕ್ಷರ ಕೂಡಿಸತೊಡಗಿದನು. ಒತ್ತಕ್ಷರದಲ್ಲಿ ಅವನು ಎಡವಿದರೆ ಅಜ್ಜಿ ನಗುವರು.

ನಮ್ಮ ಸಂಘದಲ್ಲಿ ನಾನಾ ಮತದವರಿದ್ದಾರೆ. ಅವರವರ ಮನೆಯಲ್ಲೂ ಕಪಾಟಿನ ಮೇಲೇರಿದ ಒಂದು ಪುಸ್ತಕವಿರಬಹುದು. ಇಂದು ಕೈಯಲ್ಲಿರುವ ಮೊಬೈಲಿನೊಳಗೇ ದಿನಕ್ಕೆ ಹತ್ತು ಬೋಧಕರು ಬಂದು ನಿಲ್ಲುತ್ತಾರೆ. ಬಾಗಿಲು ಹಾಕಿ ಅವರನ್ನು ತಡೆಯಲಾಗದು. ಅವರು ಒಂದು ವಾಕ್ಯ ಹೇಳಿದಾಗ ಅದರ ಹಿಂದಿನ ವಾಕ್ಯವೇನು, ಮುಂದಿನದೇನು ಎಂದು ನೋಡುವ ಅಭ್ಯಾಸ ಮನೆಯಲ್ಲಿರಲಿ. ರಾತ್ರಿ ತಾಯಿಯವರು ಮೊದಲು ಇನ್ಸುಲಿನ್ ಚುಚ್ಚಿಸಿಕೊಂಡು, ಆಮೇಲೆ ಕನ್ನಡಕ ಹಾಕಿಕೊಂಡು, “ನಿನ್ನೆ ಎಲ್ಲಿಗೆ ನಿಲ್ಲಿಸಿದೆವು?” ಎಂದು ಕೇಳುತ್ತಾರೆ. ಅಲ್ಲಿಂದ ಮುಂದಕ್ಕೆ ಓದುತ್ತೇವೆ.